ಸವಳು ತೊಳೆದ ನೀರು

ಗೋಡೆಯ ಮೇಲೆ ‘ಮಳೆ ನೀರು ಹಿಡಿಯಿರಿ’ ಎಂದು ಬರೆದದ್ದು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಳೆಯ ಮೇಲೆ ನನಗೆ ಸಿಟ್ಟಿಲ್ಲ. ಬರೆಸಿದವರ ಮೇಲಿದೆ. ಅವರ ಮಾತನ್ನು ಗಿಣಿಪಾಠ ಮಾಡಿ ಊರಿಗೆಲ್ಲ ಒಪ್ಪಿಸಿದ ನನ್ನ ಮೇಲೆ ಇನ್ನೂ ಹೆಚ್ಚಿದೆ.

ಸಿರುಗುಪ್ಪದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಇರುವುದು ಬಳ್ಳಾರಿಯ ಪಾರ್ವತಿನಗರದಲ್ಲಿ, ಬಾಡಿಗೆ ಮನೆ. ತವರು ಕುರುಗೋಡು. ಅಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ಗಂಡನನ್ನು ಬಿಟ್ಟು ಬಂದವಳು ಎಂದು ಓಣಿಯವರು ಮೊದಮೊದಲು ಮೂಗು ಮುರಿದರು. ಎಷ್ಟು ದಿನ ಮುರಿದಾರು? ಸುತ್ತಲಿನ ಬೋರುಗಳಲ್ಲೆಲ್ಲ ಉಪ್ಪು ನೀರು, ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಿಹಿನೀರು ಇದ್ದದ್ದು ನಮ್ಮ ಹಿತ್ತಲ ಬಾವಿಯಲ್ಲಿ ಮಾತ್ರ, ಅಕ್ಕ ಯಾರಿಗೂ ಇಲ್ಲ ಎನ್ನಲಿಲ್ಲ. ಕೊಡ ಹಿಡಿದು ಬಂದ ಹೆಂಗಸರು ನೀರು ಸೇದುತ್ತ ಅವಳಿಗೆ ಮನೆಮನೆಯ ಸುದ್ದಿ ಹೇಳತೊಡಗಿದರು. ಬರಬರುತ್ತ ಹೆಣ್ಣು ಕೊಡುವ ಮಾತಿನಿಂದ ಅತ್ತೆ-ಸೊಸೆ ಜಗಳದವರೆಗೆ ಎಲ್ಲವೂ ಬಾವಿಕಟ್ಟೆಯ ಮೇಲೆ ಅವಳ ಮುಂದೆಯೇ ತೀರ್ಮಾನವಾಗುತ್ತಿತ್ತು. ಆ ಬಾವಿಗೆ ಮೋಟರ್ ಇಳಿಸಲು ಮಾತ್ರ ಅವಳು ಬಿಡಲಿಲ್ಲ. ಹಗ್ಗ, ರಾಟೆ, ಕೊಡ, ಅಷ್ಟೇ.

ಒಂದು ಬೇಸಿಗೆಯಲ್ಲಿ ನಮ್ಮನ್ನೆಲ್ಲ ಬಳ್ಳಾರಿಗೆ ತರಬೇತಿಗೆ ಕರೆದರು. ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಪೈಪಿನಿಂದ ಬಾವಿಗೆ ಇಳಿಸಿದರೆ ದೂರದಿಂದ ನೀರೆತ್ತುವ ಮೋಟರುಗಳ ಓಟ ಕಡಿಮೆಯಾಗುತ್ತದೆ, ಕರೆಂಟು ಉಳಿಯುತ್ತದೆ, ಕರೆಂಟಿಗೆ ಸುಡುವ ಕಲ್ಲಿದ್ದಲು ಉಳಿಯುತ್ತದೆ, ಹೊಗೆ ಕಡಿಮೆಯಾಗಿ ಭೂಮಿ ಬಿಸಿಯಾಗುವುದು ತಗ್ಗುತ್ತದೆ. ಖರ್ಚೆಲ್ಲ ಸರ್ಕಾರದ್ದು. ಆ ಮಾತು ಸುಳ್ಳೆಂದು ನಾನು ಈಗಲೂ ಹೇಳುವುದಿಲ್ಲ. ಟೀಚರುಗಳು ಮೊದಲು ತಮ್ಮ ಮನೆಯಿಂದಲೇ ಶುರು ಮಾಡಿ ಎಂದರು. ನನ್ನದು ಬಾಡಿಗೆ ಮನೆ, ಹಾಗಾಗಿ ಅಕ್ಕನ ಮನೆಯ ವಿಳಾಸ ಬರೆದುಕೊಟ್ಟೆ. ಅವಳನ್ನು ಕೇಳಲಿಲ್ಲ. ಕೇಳುವುದೇನು, ಪುಕ್ಕಟೆ ಬರುವುದು ಎಂದುಕೊಂಡೆ.

ಇಂಜಿನಿಯರ್ ಎರಡು ಆಳು, ಪೈಪು, ಫಿಲ್ಟರಿನ ನೀಲಿ ಡ್ರಮ್ಮು ತಂದ ದಿನ ನಾನೂ ಹೋಗಿದ್ದೆ. ನಮ್ಮದು ಮಣ್ಣಿನ ಮಾಳಿಗೆ. ಮುಂಗಾರಿಗೆ ಮುಂಚೆ ವರ್ಷವರ್ಷವೂ ಅದರ ಮೇಲೆ ಸವಳು ಮಣ್ಣು ಹರಡುತ್ತೇವೆ. ಉಪ್ಪು, ಸೋಡಾ ತುಂಬಿದ ಮಣ್ಣು ಅದು, ನೆನೆದರೆ ಅಂಟಂಟಾಗಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ಮನೆ ಸೋರುವುದಿಲ್ಲ. ಸೋಪಿನ ಪುಡಿ ಬರುವ ಮುಂಚೆ ಬಟ್ಟೆ ಒಗೆಯುತ್ತಿದ್ದದ್ದೂ ಅದರಲ್ಲೇ. ಅಕ್ಕ ಅದೇ ವಾರ ಒಂದು ಟ್ರ್ಯಾಕ್ಟರ್ ಸವಳು ತರಿಸಿ ಹಾಕಿಸಿದ್ದಳು.

“ಮ್ಯಾಲ ಸವಳು ಹಾಕೀನ್ರಿ, ಹಸೀದೈತಿ. ಅದನ್ನ ತೊಳದ ನೀರು ಬಾವಿಗೆ ಬ್ಯಾಡ್ರಿ,” ಎಂದಳು ಇಂಜಿನಿಯರ್‌ಗೆ.

“ಫಿಲ್ಟರ್ ಐತಲ್ಲಮ್ಮಾ. ಜಲ್ಲಿ, ಮರಳು, ಇದ್ದಿಲು. ಮಣ್ಣು ಒಳಗ ಹೋಗಂಗಿಲ್ಲ.”

“ಮಣ್ಣು ನಿಲ್ತೈತಿ. ಉಪ್ಪು ನಿಲ್ತೈತೇನು?”

ಇಂಜಿನಿಯರ್ ನನ್ನ ಮುಖ ನೋಡಿದ. ನನಗೆ ನಾಚಿಕೆಯಾಯಿತು, ಅಕ್ಕನಿಂದಾಗಿ. ಕರಗಿದ ಉಪ್ಪನ್ನು ಮರಳು ಹಿಡಿಯುವುದಿಲ್ಲ ಎಂದು ಆರನೇ ತರಗತಿಗೆ ಪಾಠ ಮಾಡುವವಳು ನಾನು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

“ನೀ ಎಷ್ಟನೇತ್ತ ಓದೀದಿ ಅಕ್ಕಾ? ಸುಮ್ನ ಕುಂದ್ರು.”

ಅವಳು ಸುಮ್ಮನೆ ಕೂತಳು. ಪೈಪು ಕೂತಿತು. ಬಾವಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು.

ಆ ವರ್ಷ ಮಳೆ ಚೆನ್ನಾಗಿ ಬಂತು. ನಾಲ್ಕೈದು ಜೋರು ಮಳೆಯಾದ ಮೇಲೆ ಅಕ್ಕ ಫೋನು ಮಾಡಿ, ನೀನು ತಂದುಕೊಟ್ಟ ಅಕ್ಕಿಯ ಅನ್ನ ಹಳದಿಯಾಗುತ್ತಿದೆ ಎಂದಳು. ಸಿರುಗುಪ್ಪದ ಮಿಲ್ಲಿನಿಂದ ನಾನೇ ತಂದ ಸೋನಾ ಅಕ್ಕಿ. ನೆಟ್ಟಗೆ ಮಿಲ್ಲಿಗೆ ಹೋಗಿ ಅಲ್ಲಿಯವನ ಮೇಲೆ ಕೂಗಾಡಿದೆ. ಅವನು ಅಕ್ಕಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ, “ಅಕ್ಕಿ ಚಲೋ ಐತ್ರಿ ಮೇಡಂ. ನೀರ ನೋಡ್ಕಳ್ರಿ,” ಎಂದ. ಅವನ ಸೊಕ್ಕು ನೋಡು ಎಂದು ಬೈದುಕೊಂಡೇ ಬಂದೆ. ಅದೇ ಅಕ್ಕಿ ಪಾರ್ವತಿನಗರದಲ್ಲಿ ಮಲ್ಲಿಗೆಯಂತೆ ಬೆಳ್ಳಗೆ ಬೆಂದಿತು.

ಮರುದಿನ ಕುರುಗೋಡಿಗೆ ಹೋಗಿ ಒಂದು ಕೊಡ ಸೇದಿದೆ. ನೀರು ಸೋಡಾ ಕಲಸಿದಂತೆ ಕೈಗೆ ಜಾರುತ್ತಿತ್ತು. ಬಾಯಿಗೆ ಹಾಕಿ ಉಗಿದೆ.

ಪೈಪು ಕಿತ್ತೆಸೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾವಿ ಖಾಲಿ ಮಾಡಿಸೋಣವೆಂದು ಡೀಸೆಲ್ ಇಂಜಿನ್ ತರಿಸಿದೆ. ಎರಡು ಹಗಲು ಅದು ಹಿತ್ತಲ ತುಂಬ ಕಪ್ಪು ಹೊಗೆ ಕಾರಿತು. ಹೊಗೆ ಉಳಿಸಲು ಹೊರಟ ಪುಣ್ಯಾತ್ಗಿತ್ತಿ ನಾನು ಆ ಹೊಗೆಯಲ್ಲೇ ಕೆಮ್ಮುತ್ತ ನಿಂತಿದ್ದೆ. ತಳ ಕಂಡಿತು. ಮತ್ತೆ ಊರಿದ ನೀರಿಗೂ ಅದೇ ರುಚಿ. ಇಂಜಿನಿಯರ್‌ಗೆ ಫೋನು ಮಾಡಿದರೆ, “ಇನ್ನೆರಡು ಮಳಿ ಆದ್ರ ತೊಳಕಂಡು ಹೋಗತೈತ್ರಿ,” ಎಂದ. ಹೋಗಲಿಲ್ಲ.

ಹೆಂಗಸರು ಒಬ್ಬೊಬ್ಬರೇ ಬರುವುದು ಬಿಟ್ಟರು. ಈಗ ಬಸ್ ನಿಲ್ದಾಣದ ಹತ್ತಿರದ ಫಿಲ್ಟರ್ ನೀರಿನ ಘಟಕದಿಂದ ಕ್ಯಾನು ತರುತ್ತಾರೆ. ಅಲ್ಲಿ ಮೋಟರ್ ಬೆಳಗಿನಿಂದ ಗುಂಯ್ ಎನ್ನುತ್ತಿರುತ್ತದೆ, ಕ್ಯಾನು ಹೊತ್ತ ಆಟೋಗಳು ಓಣಿಗೆ ಓಡಾಡುತ್ತವೆ. ಬಾವಿಕಟ್ಟೆಯ ಮೇಲೆ ಅಕ್ಕ ಸುಮ್ಮನೆ ಕೂತಿರುವುದನ್ನು ನೋಡಲಾರದೆ, ಪಾರ್ವತಿನಗರಕ್ಕೆ ಬಂದುಬಿಡು ಎಂದೆ. “ಅಲ್ಲಿ ನಾನ್ಯಾರಿಗೆ ಬೇಕು?” ಎಂದಳು. ನನಗೆ ಬೇಕು ಎಂದೆ.

ಮಾರನೇ ವರ್ಷ ನಾನು ಅಲ್ಲಿದ್ದಾಗಲೇ ಮಳೆ ನೀರಿನ ಯೋಜನೆಯ ಸರ್ವೆಗೆಂದು ಒಬ್ಬ ಬಂದ. ನಡುವಯಸ್ಸಿನವನು, ಕೈಯಲ್ಲಿ ಮೊಬೈಲು. ಕಟ್ಟೆಯವರೆಗೂ ಹೋಗಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದ.

“ಬಾವಿ ಮೋಟರ್ ದಿನಕ್ಕ ಎಷ್ಟು ತಾಸು ಓಡತೈತ್ರಿ?”

“ಮೋಟರ್ ಇಲ್ಲ,” ಎಂದಳು ಅಕ್ಕ.

“ಹಂಗಾರ ಸೊನ್ನಿ.” ಒತ್ತಿದ. ಪರದೆಯ ಮೇಲೆ ಹಸಿರು ಗುರುತು ಬಂತು. “ಕರೆಂಟ್ ಖರ್ಚೇ ಇಲ್ಲ. ಈ ಓಣಿಯಾಗ ನಿಮ್ದ ಎಲ್ಲಾರಕಿಂತ ಚಲೋ ಬಂದೈತಿ ನೋಡ್ರಿ.”

ನನಗೆ ತಲೆ ಕೆಟ್ಟಿತು. ಬಾವಿ ಹಾಳಾಗಿದೆ, ಅದನ್ನು ಬರೆದುಕೋ ಎಂದು ಅಬ್ಬರಿಸಿದೆ. ನೀರಿನ ರುಚಿ ಕೇಳುವ ಪ್ರಶ್ನೆ ಇದರಲ್ಲಿ ಇಲ್ಲ ಎಂದು ಮೊಬೈಲು ತೋರಿಸಿದ. ಹಾಗಾದರೆ ಸುಡು ಅದನ್ನು, ನಿಮಗೆಲ್ಲ ಸಂಬಳ ಯಾಕೆ ಕೊಡುತ್ತಾರೆ, ಎಂದೆ. ಓಣಿಯವರು ಬಾಗಿಲಿಗೆ ಬಂದು ನೋಡತೊಡಗಿದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯ ಮುಂದೆ ಅಷ್ಟು ಜನ ಸೇರಿದ್ದರು.

ಅಕ್ಕ ನನ್ನ ರಟ್ಟೆ ಹಿಡಿದಳು.

“ಅವನಿಗ್ಯಾಕ ಬಾಯಿ ಮಾಡ್ತಿ ಲೇ? ಅವ ಎಲ್ಲಿಯವನೋ, ಸವಳು ಅಂದ್ರೇನಂತ ಅವಂಗ ಗೊತ್ತಿಲ್ಲ. ನಿಂಗ ಗೊತ್ತಿತ್ತು.”

ಅವನು ಮುಂದಿನ ಮನೆಗೆ ಹೋದ.