ತಮ್ಮನ ಮೊಗ್ಗಿನ ಜಡೆ

ತಮ್ಮನಿಗೆ ಐದು ತುಂಬುವ ಹೊತ್ತಿಗೆ ಕೂದಲು ಸೊಂಟಕ್ಕಿಳಿದಿತ್ತು. ಸಿದ್ಧರಬೆಟ್ಟದಲ್ಲಿ ಮುಡಿ ಕೊಡುತ್ತೇವೆಂದು ಹರಕೆ ಹೊತ್ತಿದ್ದರು. ವರ್ಷ ವರ್ಷವೂ ಏನಾದರೊಂದು ಅಡ್ಡಿ ಬಂದು ಹರಕೆ ಮುಂದಕ್ಕೆ ಹೋಗುತ್ತಿತ್ತು, ಕೂದಲು ಕೆಳಕ್ಕೆ ಬರುತ್ತಿತ್ತು. ಏಳು ವರ್ಷದ ನನಗೋ, ಆ ಸಲ ವಿಷಮಜ್ವರ ಬಂದು ತಲೆ ನುಣ್ಣಗೆ ಬೋಳಿಸಿದ್ದರು. ಜಡೆಯಿರುವ ಗಂಡು, ಜಡೆಯಿಲ್ಲದ ಹೆಣ್ಣು ಎರಡನ್ನೂ ಒಂದೇ ಜಗಲಿಯ ಮೇಲೆ ನೋಡಬೇಕಿದ್ದರೆ ಮಧುಗಿರಿಯಲ್ಲಿ ನಮ್ಮ ಮನೆಗೇ ಬರಬೇಕಿತ್ತು.

ಆ ಯುಗಾದಿಗೆ ಕೊಡಿಗೇನಹಳ್ಳಿಯ ಸೋದರಮಾವ ಹಿಂದೂಪುರದಿಂದ ನನಗೊಂದು ನೇರಳೆ ರೇಷ್ಮೆ ಲಂಗ ತಂದಿದ್ದ. ಜ್ವರದಲ್ಲಿ ಗಂಜಿ ಕುಡಿದದ್ದೆಲ್ಲ ಆ ಲಂಗದ ಆಸೆಗೆ. ಹಬ್ಬದ ದಿನ ಶಿರಾದಿಂದ ಸಾಹೇಬರೊಬ್ಬರು ಪಟ ತೆಗೆಯಲು ಬರುತ್ತಾರೆ ಎಂದಾಗ, ಲಂಗ ಉಟ್ಟು ಹೇಗೆ ನಿಲ್ಲಬೇಕೆಂದು ಅಡುಗೆಮನೆಯ ಕಂಬದ ಪಕ್ಕ ನಿಂತು ಅಭ್ಯಾಸವನ್ನೂ ಮಾಡಿದ್ದೆ.

ಹಬ್ಬದ ಬೆಳಿಗ್ಗೆ ಅಜ್ಜಿ ಆ ಲಂಗ ತೆಗೆದು ತಮ್ಮನಿಗೆ ಉಡಿಸಿದಳು.

"ಮುಡಿ ಕೊಡೋಕ್ ಮುಂಚೆ ಗಂಡ್‌ಮಗೀನ ಒಂದ್ಸಲ ಹೆಣ್ಣಾಗಿ ನೋಡ್ಬುಡ್ಬೇಕು ಕಣಮ್ಮ," ಅಂದಳು. ನಮ್ಮ ಕಡೆ ಎಲ್ಲ ಮನೆಯಲ್ಲೂ ಹಾಗೇ. ನನ್ನ ಸರ, ನನ್ನ ಬಳೆ, ನನ್ನ ಡಾಬು ಒಂದೊಂದಾಗಿ ಅವನ ಮೈಗೆ ಏರಿದವು. ಮಲ್ಲಿಗೆ ಮೊಗ್ಗು ಪೋಣಿಸಿ ಜಡೆ ಹೆಣೆದರು. ಅವನು ಹಬ್ಬದ ಹೋಳಿಗೆ ತಿನ್ನುತ್ತಾ ಮಹಾರಾಣಿಯ ಹಾಗೆ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ಪಟದಲ್ಲಿ ಇರುತ್ತೇನೆ ಎಂದು ರಚ್ಚೆ ಹಿಡಿದೆ. ಬೋಳುತಲೆಯ ಹೆಣ್ಣುಮಗು ಪಟದಲ್ಲಿ ಕೂತರೆ ಆಮೇಲೆ ಗೋಡೆಯ ಮೇಲೆ ದಿನಾ ನೋಡಬೇಕಲ್ಲ ಎಂದು ಅಜ್ಜಿ ಒಪ್ಪಲಿಲ್ಲ. ನಾನು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಹೋಗಿ ಕೂತೆ.

ಹಿತ್ತಲಿನಲ್ಲಿ ಬೆಳಕು ಚೆನ್ನಾಗಿದೆಯೆಂದು ಸಾಹೇಬರು ಪಟದ ಪೆಟ್ಟಿಗೆಯ ಮುಕ್ಕಾಲಿ ಅಲ್ಲೇ ನಿಲ್ಲಿಸಿದರು. ಜಡೆಯೂ ಕಾಣಬೇಕೆಂದು ಅಜ್ಜಿ ತಮ್ಮನ ಬೆನ್ನ ಹಿಂದೆ ಕನ್ನಡಿ ಇಡಿಸಿದಳು. ಎಲ್ಲ ಸರಿಯಾಯಿತು ಅನ್ನುವಾಗ ಸಾಹೇಬರು ಕರೀ ಬಟ್ಟೆಯೊಳಗೆ ತಲೆ ತೂರಿಸಿದರು. ತಲೆಯಿಲ್ಲದ ಮನುಷ್ಯನನ್ನು ಕಂಡು ತಮ್ಮ ಕಿಟಾರನೆ ಕಿರುಚಿದ. ಬೆಲ್ಲ ಕೊಟ್ಟರು, ಗದರಿದರು, ಸಾಹೇಬರು ಕೋಳಿಯ ಹಾಗೆ ಕೂಗಿ ತೋರಿಸಿದರು. ಅಕ್ಕ ಬಂದು ಪಕ್ಕದಲ್ಲಿ ಕೂತರೆ ಮಾತ್ರ ಕೂರುತ್ತೇನೆ ಎಂದು ತಮ್ಮ ಹಟ ಹಿಡಿದ.

ಅಜ್ಜಿ ಸೋತಳು, ಆದರೆ ಬೋಳುತಲೆಗೆ ಸೋಲಲಿಲ್ಲ. ವಾಡೆಯ ಹಿಂದಿನಿಂದ ನನ್ನನ್ನು ಎಳೆದು ತಂದು ತಮ್ಮನ ಹಬ್ಬದ ಅಂಗಿ, ಚಡ್ಡಿ ತೊಡಿಸಿ, ಜರಿಟೋಪಿ ಕಿವಿಯವರೆಗೆ ಇಳಿಸಿದಳು. ಜ್ವರದಲ್ಲಿ ಒಣಗಿದ್ದ ನನಗೆ ಅಂಗಿ ಸರಿಹೋಯಿತು, ಅದು ಇನ್ನೂ ಅವಮಾನ. ಸಾಹೇಬರು ನನ್ನನ್ನು ಬೇಟಾ ಎಂದು ಕರೆದು, ತಂಗಿಯ ಕೈ ಹಿಡಿದು ಸ್ವಲ್ಪ ನಗು ಅಂದರು. ನಾನು ಹುಬ್ಬು ಗಂಟಿಕ್ಕಿ ಅವರ ಪೆಟ್ಟಿಗೆಯನ್ನು ನುಂಗುವ ಹಾಗೆ ನೋಡಿದೆ.

ಪಟ ಬರುವಷ್ಟರಲ್ಲಿ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದದ್ದಾಗಿತ್ತು. ತಮ್ಮನ ತಲೆ ನನ್ನದಕ್ಕಿಂತ ಹೊಳೆಯುತ್ತಿತ್ತು. ಪಟ ನೋಡಲು ಬೀದಿಯೇ ಬಂತು. ನಗುವ ಹುಡುಗಿ, ಪಕ್ಕದಲ್ಲಿ ಯಾರನ್ನೋ ಹೊಡೆಯಲು ಹೊರಟ ಹುಡುಗ. ಕನ್ನಡಿಯಲ್ಲಿ ಜಡೆ ಅರ್ಧ, ಹಿತ್ತಲಲ್ಲಿ ಕಟ್ಟಿದ್ದ ನಮ್ಮ ಎಮ್ಮೆಯ ಹಿಂಭಾಗ ಅರ್ಧ. ಹುಡುಗಿ ಎಷ್ಟು ಲಕ್ಷಣ ಎಂದು ಎಲ್ಲರೂ ಕೊಂಡಾಡಿದರು.

ಅಜ್ಜಿ ಜಂಬದಿಂದ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದರಲ್ಲಿ ನೀನೆಲ್ಲಿ ಎಂದು ಕೇಳಿದಳು. ಅವನು ಗಂಟುಮುಖದ ಹುಡುಗನ ಮೇಲೆ ಬೆರಳಿಟ್ಟು ತಾನು ಅಂದ. ಜಡೆಯ ಹುಡುಗಿಯನ್ನು ತೋರಿಸಿ ಅಕ್ಕ ಅಂದ. ಎಲ್ಲರೂ ನಕ್ಕರು. ಅಪ್ಪ ತಿಳಿಸಿ ಹೇಳಿದರು, ಅಮ್ಮ ಹೇಳಿದಳು. ಅವನು ಬೋಳುತಲೆ ಸವರಿಕೊಂಡು ಒಂದೇ ಮಾತು ಹಿಡಿದ.

"ನಂಗೆಲ್ಲೈತೆ ಜಡೆ? ಅದು ಅಕ್ಕನ ಲಂಗ ಕಣಜ್ಜಿ. ಅಕ್ಕನೇ ಅದು."

ಅಜ್ಜಿ ಎಷ್ಟು ಹೇಳಿದರೂ ಜಗ್ಗಲಿಲ್ಲ. ನನ್ನ ಲಂಗ ನನ್ನದೇ ಎಂದು ಆ ಮನೆಯಲ್ಲಿ ಹೇಳಿದವನು ಅವನೊಬ್ಬನೇ. ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಆ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತು ಕೊಟ್ಟೆ. ಅವನು ಥೂ ಎಂದು ಅಜ್ಜಿಯ ಸೆರಗಿನಲ್ಲಿ ತಲೆ ಒರೆಸಿಕೊಂಡ.