ಎರಡು ಮಾಳಿಗೆಗಳ ನಡುವೆ ಹೋದ ಫೋಟೋ

2022ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ದೂರವಾಣಿ ಇಲಾಖೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ನನಗೆ ಎರಡು ವರ್ಷ ಮೇಲಾಗಿತ್ತು. ಇಂಡಿಯಲ್ಲಿ ಲೈನ್‌ಮನ್ ಆಗಿ ಸೇರಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸುತ್ತಿ, ಸಿಂದಗಿಯ ಎಕ್ಸ್‌ಚೇಂಜಿನಲ್ಲಿ ಜೂನಿಯರ್ ಇಂಜಿನಿಯರ್ ಆಗಿ ನೌಕರಿ ಮುಗಿಸಿದವನು ನಾನು. ಮೂವತ್ತೊಂದು ವರ್ಷ ತಂತಿಯ ಸಹವಾಸ ಮಾಡಿದವನಿಗೆ ಸುಮ್ಮನೆ ಮನೆಯಲ್ಲಿ ಕೂತರೆ ಕೈ ತುರಿಸುತ್ತದೆ. ಹೀಗಾಗಿ ಸಿಂದಗಿಯಲ್ಲೇ ಉಳಿದು ಶಾಲೆಗಳಿಗೆ ವೈಫೈ, ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವ ಕೆಲಸ ಹಿಡಿದಿದ್ದೆ. 'ಬಿರಾದಾರ ಸರ್ ಕೈ ಹಚ್ಚಿದ್ರ ಮುಗೀತು' ಎಂದು ಜನ ಅನ್ನುತ್ತಿದ್ದರು. ಕೇಳಿ ಮೀಸೆ ತಿರುವುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಆ ವಾರ ನನ್ನನ್ನು ಕರೆಸಿದವನು ಫೋಟೋಗ್ರಾಫರ್ ಶ್ರೀಶೈಲ. ಅವನ ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಓಣಿಯ ಆಚೆ, ಎದುರು ಮನೆಯಲ್ಲಿ ದಸ್ತಗೀರ. ಮದುವೆಗಳಲ್ಲಿ ಫೋಟೋ ತೆಗೆಯುವವನು ಶ್ರೀಶೈಲ, ಅವನ್ನು ಆಲ್ಬಮ್ ಮಾಡುವವನೂ ವಿಡಿಯೋ ಮಿಕ್ಸಿಂಗ್ ಮಾಡುವವನೂ ದಸ್ತಗೀರ. ಹನ್ನೊಂದು ವರ್ಷದಿಂದ ಇಬ್ಬರದೂ ಜೋಡಿ ದಂಧೆ. ದೇವರ ಹಿಪ್ಪರಗಿ, ತಾಳಿಕೋಟೆ ಕಡೆಯ ಎಷ್ಟೋ ಮದುವೆಗಳು ಈ ಎರಡು ಮನೆಗಳ ನಡುವೆ ಓಡಾಡಿ ಆಲ್ಬಮ್ ಆಗಿದ್ದವು. ಶ್ರೀಶೈಲ ಎಲ್ಲ ಫೋಟೋಗಳನ್ನು ತನ್ನ ದೊಡ್ಡ ಡಿಸ್ಕಿನಲ್ಲಿ ಇಟ್ಟುಕೊಂಡು, ಅಂಗೈಯಗಲದ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಓಣಿ ದಾಟಿ ಕೊಟ್ಟು ಬರುತ್ತಿದ್ದ. ದಿನಕ್ಕೆ ಐದಾರು ಸಲ ಆ ಓಡಾಟ.

"ಎರಡು ಸಲ ವಾಯರ್ ಎಳದ ನೋಡೀವ್ರಿ ಸರ. ಕಬ್ಬಿನ ಟ್ರ್ಯಾಕ್ಟರ್ ಬಂತಂದ್ರ ಮ್ಯಾಲಿನ ಗಳಕ್ಕ ಸಿಕ್ಕು ಕಿತಗೊಂಡ ಹೋಗ್ತೈತಿ," ಎಂದ ಶ್ರೀಶೈಲ. ಸಕ್ಕರೆ ಕಾರ್ಖಾನೆ ಶುರುವಾದರೆ ಆ ಓಣಿಯಲ್ಲಿ ಮನೆಯೆತ್ತರ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಹಗಲೆಲ್ಲ ಹೋಗುತ್ತವೆ. ತಂತಿ ನಿಲ್ಲುವ ಜಾಗವೇ ಅದಲ್ಲ.

ತಂತಿಯಿಲ್ಲದೆ ಜೋಡಿಸೋಣ ಎಂದೆ. ಮಾಳಿಗೆಯಿಂದ ಮಾಳಿಗೆಗೆ ಇಪ್ಪತ್ತಾರು ಮೀಟರ್, ನಡುವೆ ಗಿಡ ಮರ ಯಾವುದೂ ಅಡ್ಡವಿಲ್ಲ. ಎರಡೂ ಮಾಳಿಗೆಯ ಮೇಲೆ ಒಂದನ್ನೊಂದು ನೋಡುವಂತೆ ಎರಡು ಚಿಕ್ಕ ವೈರ್‌ಲೆಸ್ ಪೆಟ್ಟಿಗೆ ನಿಲ್ಲಿಸಿದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಬ್ರಿಜ್ ಎನ್ನುತ್ತೇವೆ. ಈ ಮನೆಯ ನೆಟ್‌ವರ್ಕಿಗೂ ಆ ಮನೆಯ ನೆಟ್‌ವರ್ಕಿಗೂ ಗಾಳಿಯಲ್ಲೇ ಸೇತುವೆ. ಇಬ್ಬರ ರೂಟರ್‌ಗಳೂ ಒಂದೇ ವಿಳಾಸ ಇಟ್ಟುಕೊಂಡಿದ್ದವು, 192.168.1.1. ಒಂದೇ ಓಣಿಯಲ್ಲಿ ಎರಡು ಬಾಗಿಲಿಗೆ ಒಂದೇ ನಂಬರ್ ಬರೆದರೆ ಟಪಾಲಿನವನು ಏನು ಮಾಡಬೇಕು? ದಸ್ತಗೀರನ ವಿಳಾಸ ಬದಲಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬರ ಕಂಪ್ಯೂಟರ್ ಇನ್ನೊಬ್ಬರಿಗೆ ಕಾಣತೊಡಗಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. "ಕಾಪಿ ಮಾಡೂದ ಬ್ಯಾಡ್ರಿ ಸರ, ತಾನ ಹೋಗಂಗ ಮಾಡ್ರಿ. ನಾ ಹಾಕಿದ್ದು ಅಂವಗ ಬರಬೇಕು, ಅಂವ ಮಾಡಿದ್ದು ನನಗ ಕಾಣಬೇಕು," ಎಂದ ಶ್ರೀಶೈಲ. ಅದಕ್ಕೆ ಸಿಂಕ್ ಎಂಬ ಏರ್ಪಾಡಿದೆ. ಎರಡು ಕಂಪ್ಯೂಟರಿನ ಎರಡು ಫೋಲ್ಡರ್‌ಗಳನ್ನು ಅದು ಸದಾ ಒಂದೇ ತರಹ ಇಡುತ್ತದೆ. ಇಲ್ಲಿ ಒಂದು ಫೋಟೋ ಬಂದರೆ ಅಲ್ಲೂ ಬರುತ್ತದೆ. ಅಲ್ಲಿ ಒಂದು ಹೋದರೆ ಇಲ್ಲೂ ಹೋಗುತ್ತದೆ. ಶ್ರೀಶೈಲನ ಅಸಲು ಫೋಟೋಗಳ ಫೋಲ್ಡರನ್ನೇ ದಸ್ತಗೀರನ ಫೋಲ್ಡರಿಗೆ ಎರಡೂ ದಿಕ್ಕಿನಲ್ಲಿ ಜೋಡಿಸಿದೆ. ಅಳಿಸಿದ್ದನ್ನು ಮೂವತ್ತು ದಿನ ಬೇರೆ ಕಡೆ ಕಾಯ್ದಿಡಬೇಕೇ ಎಂದು ಒಂದು ಚೌಕದಲ್ಲಿ ಆ ಸಾಫ್ಟ್‌ವೇರ್ ಕೇಳಿತು. ಡಿಸ್ಕಿನಲ್ಲಿ ಜಾಗ ಕಡಿಮೆಯಿತ್ತು. ಬೇಡ ಎಂದು ಗುರುತು ತೆಗೆದೆ. ಚಹಾ ಬಂತು, ಕುಡಿದು ಮನೆಗೆ ಬಂದೆ.

ಸುಗ್ಗಿ ಮುಗಿಯಿತು, ಮದುವೆಯ ಹಂಗಾಮು ಮುಗಿಯಿತು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಮರುವರ್ಷ ಶ್ರಾವಣದಲ್ಲಿ ಶ್ರೀಶೈಲನ ಮಾಳಿಗೆಯ ಪೆಟ್ಟಿಗೆಯ ಅಡಾಪ್ಟರ್ ಸುಟ್ಟಿತು. ಅದನ್ನು ಬದಲಿಸಲು ಹೋದ ದಿನವೇ ಸವಿತಾ ಸ್ಟುಡಿಯೋಗೆ ಬಂದಳು.

ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ದೇವರ ಹಿಪ್ಪರಗಿ ಹತ್ತಿರದ ಹಳ್ಳಿಯವಳು. ಅದೇ ವರ್ಷ ಫೆಬ್ರುವರಿಯಲ್ಲಿ ಮುದ್ದೇಬಿಹಾಳಕ್ಕೆ ಮದುವೆಯಾಗಿ ಹೋಗಿದ್ದಳು. ಆ ಮದುವೆಯ ಫೋಟೋ ತೆಗೆದವನು ಶ್ರೀಶೈಲ. ಬಾಗಿಲಲ್ಲೇ ನಿಂತು ಹೇಳಿದಳು: "ಅಣ್ಣಾರ, ನಮ್ಮವ್ವ ತೀರಿಕೊಂಡ್ಳ್ರಿ. ಎದಿನೋವು ಅಂದಾಕಿ ವಿಜಯಪುರದ ದವಾಖಾನಿ ಮುಟ್ಟಲಿಲ್ಲ. ಇಪ್ಪತ್ತು ದಿನ ಆತು. ಅಕಿದೊಂದು ಫೋಟೋ ಬೇಕಾಗೇತ್ರಿ."

ಆಲ್ಬಮ್‌ನಲ್ಲಿ ಒಂದೂ ಇಲ್ಲವೇ ಎಂದು ನಾನು ಕೇಳಿದೆ. ಇಲ್ಲ ಎಂದಳು. ಅವಳ ಅಪ್ಪ ಸತ್ತು ಹದಿನಾಲ್ಕು ವರ್ಷ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡ ಸತ್ತ ಹೆಂಗಸು ತಾನೇ ಹೆತ್ತ ಮಗಳ ಮದುವೆಯಲ್ಲೂ ಹಂದರದ ಮುಂದೆ ಬರುವುದಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಅವಳೇ ಅಡುಗೆಮನೆ ಸೇರುತ್ತಾಳೆ. ಕನ್ಯಾದಾನ ಮಾಡಿದವರು ಸವಿತಾಳ ಅತ್ತೆ ಮತ್ತು ಮಾವ, ಅಂದರೆ ಅಪ್ಪನ ತಂಗಿ ಮತ್ತು ಆಕೆಯ ಗಂಡ. ಈ ಪದ್ಧತಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಆದರೆ ಎಷ್ಟು ಮದುವೆಯಲ್ಲಿ ಉಂಡು ಬಂದಿದ್ದೇನೆ, ಒಂದು ಸಲವಾದರೂ ಅಡುಗೆಮನೆಗೆ ಹೋಗಿ ಬರ್ರವ್ವ ಎಂದು ಕರೆದಿದ್ದೇನೆಯೇ? ಇಲ್ಲ.

"ಫೋನ್‌ದಾಗ ತಗೀತೀನಿ ಅಂದ್ರ ಸೆರಗ ಮಾರಿಗೆ ಹಿಡೀತಿದ್ಳು. ಆಧಾರ್ ಕಾರ್ಡಿನ್ಯಾಗ ನೋಡಿದ್ರ ನಮ್ಮವ್ವ ಅಂತ ಗುರ್ತ ಸಿಗಂಗಿಲ್ಲ," ಎಂದಳು ಸವಿತಾ.

ಶ್ರೀಶೈಲನ ಮುಖ ಅರಳಿತು. ಅದು ಇನ್ನೂ ನನ್ನ ಕಣ್ಣ ಮುಂದಿದೆ. "ಕೂಡವಾ ತಂಗಿ, ಕೂಡು. ನಿಮ್ಮವ್ವಂದು ಐತಿ. ಅಕ್ಕಿಕಾಳು ಹಾಕೂ ಹೊತ್ತಿನ್ಯಾಗ ಅಡಗಿಮನಿ ಬಾಗಲದಾಗ ನಿಂತು ಅಲ್ಲಿಂದನ ನಾಕ ಕಾಳು ಒಗದು ನಕ್ಕಾಳ. ದೂರಿಂದ ತಗದೇನಿ, ಅಕಿಗೆ ಗೊತ್ತ ಇಲ್ಲ. ಈಗ ತಗದ ಕೊಡ್ತೇನಿ."

ಫೋಲ್ಡರ್ ತೆರೆದ. ಆ ಮದುವೆಯಲ್ಲಿ ಅವನು ತೆಗೆದದ್ದು 2,764 ಫೋಟೋ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಪರದೆಯ ಮೇಲೆ ಇದ್ದದ್ದು 412. ಎರಡು ಸಲ ಮೇಲಿನಿಂದ ಕೆಳಗೆ ನೋಡಿದ. ಅಡುಗೆಮನೆಯ ಬಾಗಿಲು ಎಲ್ಲೂ ಇರಲಿಲ್ಲ. ನಾನೂ ಬಗ್ಗಿ ಆ ಅಂಕಿಗಳನ್ನು ನೋಡಿದೆ. ಅವನಿಗಿಂತ ಮೊದಲೇ ನನಗೆ ಅನುಮಾನ ಬಂದಿತ್ತು.

ಅವನು ಓಣಿಯ ಆಚೆಗೆ ಕೂಗಿ ದಸ್ತಗೀರನನ್ನು ಕರೆದ. "ಸವಿತಾನ ಮದಿವಿ ಫೋಟೋ ಎಲ್ಲಿ ಹೋದ್ವು? ಯಾರ ಹೇಳಿದ್ರು ನಿನಗ ಅಳಸಾಕ?"

"ಏ, ನಾ ಅಳಸಿದ್ದು ನನ್ನ ಕಾಪಿ ಅಲ್ಲೇನು? ಅಸಲು ನಿನ್ನ ಕಡೆ ಇರ್ತೈತಲ್ಲ. ಹನ್ನೊಂದು ವರ್ಷದಿಂದ ಹಿಂಗ ಮಾಡಾಕತ್ತೇನಿ," ಎಂದ ದಸ್ತಗೀರ.

ಅವನ ಕೆಲಸದ ರೀತಿ ಅದು. ಮದುವೆಮನೆಯವರು ಬಂದು ಅವನ ಪಕ್ಕ ಕೂಡುತ್ತಾರೆ. ಒಂದೊಂದೇ ಫೋಟೋ ತೋರಿಸುತ್ತಾನೆ. ಇರಲಿ ಎಂದದ್ದನ್ನು ಬಿಡುತ್ತಾನೆ, ಬೇಡ ಎಂದದ್ದನ್ನು ಅಲ್ಲೇ ಅಳಿಸುತ್ತಾನೆ. ಕೊನೆಗೆ ಉಳಿದದ್ದೇ ಆಲ್ಬಮ್. ಜನಕ್ಕೂ ಅದೇ ಸಮಾಧಾನ, ಬೇಡವಾದದ್ದು ಕಣ್ಣೆದುರೇ ಹೋದರೆ ನಾಳೆ ಆಲ್ಬಮ್ ಸೇರುತ್ತದೆಂಬ ಭಯವಿಲ್ಲ. ಅಂಗೈಯಗಲದ ಡಿಸ್ಕ್ ಓಣಿ ದಾಟುತ್ತಿದ್ದ ಕಾಲದಲ್ಲಿ ಇದರಿಂದ ಕೂದಲೂ ಕೊಂಕುತ್ತಿರಲಿಲ್ಲ. ನಾನು ಅವನ ಮಾಳಿಗೆ ಹತ್ತಿದ್ದೆ, ಗೋಡೆಗೆ ತೂತು ಕೊರೆದಿದ್ದೆ, ರೂಟರಿನ ವಿಳಾಸ ಬದಲಿಸಿದ್ದೆ. ಫೋಟೋ ಹೇಗೆ ಆರಿಸುತ್ತೀಯಪ್ಪ ಎಂದು ಮಾತ್ರ ಕೇಳಿರಲಿಲ್ಲ.

"ಅಂವಂದು ತಪ್ಪಿಲ್ಲ ಶ್ರೀಶೈಲ. ನಂದು," ಎಂದೆ. ಏನಾಯಿತೆಂದು ಬಿಡಿಸಿ ಹೇಳಿದೆ. ಸಿಂಕ್ ತನ್ನ ಲೆಕ್ಕದ ಕಡತ ಇಡುತ್ತದೆ, ಅದನ್ನೂ ತೆರೆದು ತೋರಿಸಿದೆ. ಮಾರ್ಚ್ ತಿಂಗಳ ಒಂದು ಮುಂಜಾನೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ 2,352 ಹೆಸರು, ಪ್ರತಿಯೊಂದರ ಮುಂದೆ 'ಅಳಿಸಲಾಗಿದೆ'. ಅಲ್ಲಿ ದಸ್ತಗೀರ ಒಂದನ್ನು ಅಳಿಸಿದಾಗಲೆಲ್ಲ ಇಲ್ಲಿ ಒಂದು ಹೋಗಿತ್ತು. ಆಲ್ಬಮ್ ಕೊಟ್ಟ ಮೇಲೆ ಹಳೆಯ ಫೋಟೋಗಳ ಕಡೆ ಯಾರೂ ನೋಡುವುದಿಲ್ಲವಾದ್ದರಿಂದ ಐದು ತಿಂಗಳು ಯಾರಿಗೂ ಗೊತ್ತಾಗಿರಲಿಲ್ಲ. ಆ ಹಂಗಾಮಿನ ಎಲ್ಲ ಮದುವೆಗಳದ್ದೂ ಇದೇ ಗತಿ.

"ತಗಿಯಾಕ ಬರ್ತೈತೇನ್ರಿ?" ಎಂದಳು ಸವಿತಾ. ಪ್ರಯತ್ನ ಮಾಡುತ್ತೇನವ್ವ, ಮುಂದಿನ ಸೋಮವಾರ ಬಾ ಎಂದೆ. ಹಾಗೆ ಹೇಳಬಾರದಿತ್ತು. ನನಗೆ ಉತ್ತರ ಹೆಚ್ಚುಕಡಿಮೆ ಗೊತ್ತಿತ್ತು. ಅಳಿಸಿದ ಫೈಲ್ ಡಿಸ್ಕಿನಿಂದ ತಕ್ಷಣ ಹೋಗುವುದಿಲ್ಲ. ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ ಅಷ್ಟೇ. ಆ ಜಾಗದ ಮೇಲೆ ಹೊಸದು ಬಂದು ಕೂತರೆ ಹಳೆಯದು ಮುಗಿಯಿತು. ಏಪ್ರಿಲ್, ಮೇ ತಿಂಗಳಲ್ಲಿ ಶ್ರೀಶೈಲ ಆ ಡಿಸ್ಕಿಗೆ ಹತ್ತೊಂಬತ್ತು ಮದುವೆ ತುಂಬಿದ್ದ. ದಸ್ತಗೀರನ ಡಿಸ್ಕಿಗೂ ಅವೇ ತುಂಬಿದ್ದವು, ಏಕೆಂದರೆ ಎರಡನ್ನೂ ಒಂದೇ ತರಹ ಇಡುವ ಏರ್ಪಾಡು ನನ್ನದೇ. ಕ್ಯಾಮೆರಾದ ಕಾರ್ಡುಗಳು ಎಷ್ಟು ಸಲ ಫಾರ್ಮ್ಯಾಟ್ ಆಗಿದ್ದವೋ ದೇವರಿಗೇ ಗೊತ್ತು.

ಎರಡೂ ಡಿಸ್ಕ್ ಮನೆಗೆ ತಂದು ಆರು ದಿನ ಕೂತೆ. ಅಳಿಸಿದ್ದನ್ನು ಹುಡುಕುವ ಮೂರು ಬಗೆಯ ಸಾಫ್ಟ್‌ವೇರ್ ಓಡಿಸಿದೆ. ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿನವು ಯಾವುವೆಂದು ಫೋಟೋ ನಂಬರ್ ನೋಡಿ ಶ್ರೀಶೈಲ ಗುರುತು ಮಾಡಿಕೊಟ್ಟಿದ್ದ. ಬಾಗಿಲ ಕಡೆ ತಿರುಗಿ ಅವನು ತೆಗೆದದ್ದು ಒಂಬತ್ತು. ಎಂಟು ತೆರೆಯಲೇ ಇಲ್ಲ. ಒಂಬತ್ತನೆಯದು ಮೇಲಿನ ಕಾಲುಭಾಗ ತೆರೆಯಿತು. ಬಾಗಿಲ ಚೌಕಟ್ಟು, ಮಾವಿನ ತೋರಣ, ಹಸಿರು ಸೆರಗಿನ ಅಂಚು, ಅದರ ಕೆಳಗೆ ಒಂದು ಹಣೆ, ಹುಬ್ಬಿನವರೆಗೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಇನ್ನೆರಡು ಬೆರಳು ಕೆಳಗೆ ಉಳಿದಿದ್ದರೆ ಕಣ್ಣು ಸಿಗುತ್ತಿದ್ದವು ಎಂದು ನಾನು ಮೂರ್ಖನಂತೆ ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಹುಬ್ಬಿಗೇ ನಿಂತಿತು. ನನ್ನ ಹೆಂಡತಿ ಬಂದು ನೋಡಿ, "ಸಾಕ ಮಾಡ್ರಿ, ಅದು ಬರಂಗಿಲ್ಲ," ಎಂದಳು. ಅಂದು ನಾನು ಅತ್ತುಬಿಟ್ಟೆ. ನೌಕರಿಯಲ್ಲಿ ಎಂದೂ ಅತ್ತವನಲ್ಲ.

ಸೋಮವಾರ ಸವಿತಾ ಬೆಳಗಿನ ಬಸ್ಸಿಗೆ ತಾಳಿಕೋಟೆ ಮೇಲೆ ಸಿಂದಗಿಗೆ ಬಂದಳು. ಸ್ಟುಡಿಯೋದಲ್ಲಿ ನಾವು ಮೂವರೂ ಇದ್ದೆವು. ಇಂಥ ಚೂರನ್ನು ತೋರಿಸಬೇಕೋ ಬೇಡವೋ ಎಂದು ನಮ್ಮಲ್ಲೇ ವಾದವಾಗಿತ್ತು. ಕೊನೆಗೆ ತೋರಿಸಿದೆ. ಅವಳು ಬೆರಳನ್ನು ಪರದೆಯ ಹತ್ತಿರ ಒಯ್ದಳು, ಮುಟ್ಟಲಿಲ್ಲ.

"ಇದು ಅವ್ವನ ಹಣಿ. ಕೆಳಗಿಂದು?"

"ಕೆಳಗೇನೂ ಉಳಿದಿಲ್ಲವ್ವ. ಈ ಜೋಡಣೆ ಮಾಡಿದಂವ ನಾ. ನನ್ನ ಕೈಲಿಂದ ಹೋತು," ಎಂದೆ.

ಬೈದರೆ ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. "ಆರಿಸೂ ಮುಂದ ನಾನೂ ಅಲ್ಲೇ ಕುಂತಿದ್ನಿರಿ," ಎಂದಳು. "ಬೀಗರು ನೋಡೂ ಆಲ್ಬಮ್ ಐತಿ, ಅದರಾಗ ಅಕಿ ಬ್ಯಾಡ ಅಂದ್ಳು ಸೋದರತ್ತಿ. ನಾ ಹೂಂ ಅಂದ್ನಿ. ಒಂದ ಸಲ ಕಣ್ಣ ಮುಂದ ಬಂದು ಹೋತು. ಛಂದಂಗ ನೋಡಲೂ ಇಲ್ಲ. ಅಸಲು ಇರ್ತಾವ, ಆಮ್ಯಾಲ ಇಸಗೊಂಡ್ರಾತು ಅಂದ್ಕೊಂಡಿದ್ನಿ."

ದಸ್ತಗೀರ ತಲೆ ತಗ್ಗಿಸಿದ. ಅಸಲು ಇರುತ್ತವೆ ಎಂದು ಅಂದು ಅವಳಿಗೆ ಭರವಸೆ ಕೊಟ್ಟವನು ಅವನೇ. ಸವಿತಾ ಶ್ರೀಶೈಲನ ಕಡೆ ತಿರುಗಿದಳು.

"ಅಣ್ಣಾರ, ನೀವು ನೋಡೀರಲ್ಲ. ಅವ್ವ ಹೆಂಗ ನಕ್ಕಿದ್ಳು, ಹೇಳ್ರಿ."

ಶ್ರೀಶೈಲ ಆ ಬೂದು ಬಣ್ಣದ ಕಡೆ ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೆಪ್ಪಿಲ್ಲ ತಂಗಿ," ಎಂದ. "ನಕ್ಕಾಳ ಅನ್ನೂದಷ್ಟ ನೆಪ್ಪೈತಿ. ಆವಾಗ ನಾ ಫೋಕಸ್ ನೋಡಾಕತ್ತಿದ್ನಿ."

ಅವಳು ಆ ಚೂರಿನ ಪ್ರಿಂಟ್ ಬೇಡ ಎಂದಳು. ಹನ್ನೆರಡರ ಬಸ್ಸಿಗೆ ಹೊರಟುಹೋದಳು.

ಉಳಿದ ಮದುವೆಗಳ ಮನೆಯವರಿಗೂ ಫೋನ್ ಮಾಡಿ ತಿಳಿಸಿದೆವು. 'ಆಲ್ಬಮ್ ಐತಲ್ರಿ, ಹೋಗ್ಲಿ ಬಿಡ್ರಿ' ಎಂದರು ಹೆಚ್ಚಿನವರು. ಅಳಿಸಿಹೋದ ಫೋಟೋಗಳಲ್ಲಿ ಯಾರ ಯಾರ ಮುಖ ಹೋಯಿತೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಳಿಸಿದ್ದು ಆಚೆ ದಾಟದಂತೆ ಒಂದೇ ದಿಕ್ಕಿನ ಜೋಡಣೆ ಮಾಡಿಕೊಡುತ್ತೇನೆಂದೆ. ಶ್ರೀಶೈಲ ಬೇಡ ಎಂದ. ಎರಡೂ ಪೆಟ್ಟಿಗೆಗಳನ್ನು ನಾನೇ ಇಳಿಸಿ ತಂದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನದೂ ಅಂಥದ್ದೇ ಬುದ್ಧಿ. ಈಗ ಯಾರ ಮನೆಗೆ ಹೋದರೂ ಪೆಟ್ಟಿಗೆ ಬಿಚ್ಚುವ ಮೊದಲು ಕೂತು ಕೇಳುತ್ತೇನೆ: ನಿಮಗೆ ಬೇಡವಾದದ್ದನ್ನು ಏನು ಮಾಡುತ್ತೀರಿ, ಮಾಡಿ ತೋರಿಸಿ. ಜನ ನಗುತ್ತಾರೆ. ತೋರಿಸುವವರೆಗೆ ನಾನು ಏಳುವುದಿಲ್ಲ. ತಂತಿ ಕಡಿದರೆ ಜೋಡಿಸುವುದನ್ನು, ಸಿಗ್ನಲ್ ಬಿದ್ದರೆ ಎತ್ತುವುದನ್ನು ಈ ಕೆಲಸ ನನಗೆ ಕಲಿಸಿತ್ತು. ಸವಿತಾಳ ಅವ್ವನ ಫೋಟೋ ಹೋದ ಆ ಮೂರು ತಾಸಿನಲ್ಲಿ ಯಾವ ತಂತಿಯೂ ಕಡಿದಿರಲಿಲ್ಲ, ಸಿಗ್ನಲ್ ಒಂದು ಕ್ಷಣವೂ ಬಿದ್ದಿರಲಿಲ್ಲ. ನಾನು ಹಾಕಿಕೊಟ್ಟದ್ದೆಲ್ಲ ಹೇಳಿದಂತೆಯೇ ಕೆಲಸ ಮಾಡಿತ್ತು.