ಇಂಗ್ಲಿಷ್ ಮೇಡಂಗೆ ಒಂದು ಪ್ರಶ್ನೆ

"ಬರೆಯೋವಾಗ ಪೂರ್ತಿ ವಾಕ್ಯ ಬೇಕು, ಮಾತಿಗೆ ಒಂದು ಪದವೂ ಸಾಕು ಕಣ್ರೋ" ಎನ್ನುತ್ತಿದ್ದರು ಹನಗೋಡು ಶಾಲೆಯ ನಮ್ಮ ಇಂಗ್ಲಿಷ್ ಮೇಡಂ. ಒಂದು ದಿನ ಜೋಡಿಯಾಗಿ ಸಂಭಾಷಣೆ ಮಾಡಿಸುವಾಗ, ಕಾಡಂಚಿನ ಗಿರಿಜನರ ಹಾಡಿಯಿಂದ ಬರುತ್ತಿದ್ದ ಹುಡುಗಿಗೆ ಜೊತೆ ಸಿಗಲಿಲ್ಲ. ಮೇಡಂ ತಾವೇ ಅವಳ ಪಕ್ಕ ಬೆಂಚಿನಲ್ಲಿ ಕೂತು ಹೆಸರು, ಊರು ಕೇಳಿದರು. ಅವಳು ತಲೆಯೆತ್ತದೆ ಉತ್ತರಿಸಿದಳು.

"ಈಗ ನಿನ್ನ ಸರದಿ, ನೀನು ಕೇಳಮ್ಮ" ಎಂದರು.

ಹುಡುಗಿ ಯೋಚಿಸಿ ಕೇಳಿದಳು: "ಹೂ ಈಸ್ ಇನ್ ಯುವರ್ ಹೌಸ್, ಮೇಡಂ?"

"ನೋಬಡಿ" ಎಂದ ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

ಅದಕ್ಕೆ ಏನು ಹೇಳಬೇಕೆಂದು ಪಾಠದಲ್ಲಿ ಇರಲಿಲ್ಲ. ಹುಡುಗಿ ಇಂಗ್ಲಿಷ್ ಬಿಟ್ಟು, "ಸಂಜೆ ನನ್ ಜೊತೆ ನಮ್ಮನೆಗೆ ಬನ್ನಿ ಮೇಡಂ, ಅವ್ವ ಅವ್ಳೆ" ಎಂದಳು.

"ಬತ್ತೀನಿ ಕಣವ್ವ" ಎಂದರು ಮೇಡಂ. ಆದರೆ ಸಂಜೆ ಗೇಟಿನವರೆಗೆ ಮಾತ್ರ ಬಂದು, ಅವಳು ಮರೆಯಾಗುವವರೆಗೂ ನಿಂತು ನೋಡಿ, ಬಾಡಿಗೆ ಮನೆಯತ್ತ ಒಬ್ಬರೇ ನಡೆದರು.